ಕೂಚಿಂಗ್‌ನ ತೆಂಗಿನ ಮರದ ಹಾರುವ ಓತಿ ಮತ್ತು ನಮ್ಮ ಅಡಿಕೆ ತೋಟದ ಹಾರುವ ಓತಿ: ಎರಡೂ ಒಂದೆಯೇ?

ಕೂಚಿಂಗ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು. ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಮಲೇಷ್ಯಾದ ಸಾರವಾಕ್ ರಾಜ್ಯದ ಕೂಚಿಂಗ್ ನಗರದಲ್ಲಿದ್ದೇನೆ. ನಾನಿರುವ ಮನೆಯ ಹಿತ್ತಲಲ್ಲಿ ನಾಲ್ಕು ತೆಂಗಿನ ಮರಗಳಿವೆ. ಒಂದು ತಿಂಗಳಿಂದ ಬೆಳಗಿನ ಹೊತ್ತು ಅವುಗಳಲ್ಲೊಂದರ ಕಾಂಡದ ಮೇಲೆ ಹಾರುವ ಓತಿಯೊಂದು ಬಂದು ಕೂರುತ್ತಿದೆ. ಕೂತಲ್ಲೇ ಗಂಟಲಿನ ಹಳದಿ ಪಟವನ್ನು ನಾಲ್ಕೈದು ಬಾರಿ ಬಿಚ್ಚಿ ಮುಚ್ಚುತ್ತದೆ, ಸ್ವಲ್ಪ ಮೇಲೇರುತ್ತದೆ, ಮತ್ತೆ ಬಿಚ್ಚುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಜಿಗಿದು ಪಕ್ಕದ ಮರಕ್ಕೆ ತೇಲಿಹೋಗಿ, ಹೊರಟ ಎತ್ತರಕ್ಕಿಂತ ಸಾಕಷ್ಟು ಕೆಳಗೆ ಅಂಟಿಕೊಂಡು, ಮತ್ತೆ ಮೇಲಕ್ಕೆ ಹತ್ತತೊಡಗುತ್ತದೆ.

ಚಿಕ್ಕವನಿದ್ದಾಗ ಅಜ್ಜನ ಜೊತೆ ತೋಟಕ್ಕೆ ಹೋದಾಗಲೆಲ್ಲ ಇದನ್ನೇ ಕಾಣುತ್ತಿದ್ದೆ. ಇಲ್ಲಿಯ ಸಹೋದ್ಯೋಗಿಯೊಬ್ಬರು ಇದನ್ನು ‘ಡ್ರಾಕೊ ವೊಲನ್ಸ್’ ಎಂದು ಹೇಳಿದರು. ನಮ್ಮ ಮಲೆನಾಡಿನದೂ ಇದೇ ಪ್ರಭೇದವೇ? ಹೌದಾದರೆ ನಡುವೆ ಇಷ್ಟೊಂದು ನೆಲ, ಕಡಲು ಇರುವಾಗ ಎರಡೂ ಕಡೆ ಹೇಗೆ ಬಂತು? ಅಲ್ಲವಾದರೆ ವ್ಯತ್ಯಾಸವನ್ನು ಗುರುತಿಸುವುದು ಹೇಗೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಓತಿಪ್ರಿಯ

ಒಳ್ಳೆಯ ಪ್ರಶ್ನೆ. ನೇರ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ: ನಿಮ್ಮ ಹಿತ್ತಲಿನದು ನಮ್ಮ ತೋಟದ ಪ್ರಭೇದವಲ್ಲ, ಬಹುಮಟ್ಟಿಗೆ ಅದು ‘ವೊಲನ್ಸ್’ ಕೂಡ ಅಲ್ಲ.

ಹಾರುವ ಓತಿಗಳೆಲ್ಲ ಡ್ರಾಕೊ ಎಂಬ ಒಂದೇ ಕುಲಕ್ಕೆ ಸೇರಿವೆ. ನಮ್ಮ ಬೇಲಿಯ ಮೇಲೆ ಕಾಣುವ ಸಾಮಾನ್ಯ ಓತಿಕ್ಯಾತದಂತೆ ಇವೂ ಅಗಾಮಿಡೇ ಕುಟುಂಬದವು. ಈ ಕುಲದಲ್ಲಿ ಇಂದು 40ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದ್ದು, ಒಂದೆರಡನ್ನು ಬಿಟ್ಟರೆ ಎಲ್ಲವೂ ಆಗ್ನೇಯ ಏಷ್ಯಾದ ಕಾಡು ಮತ್ತು ದ್ವೀಪಗಳಲ್ಲಿ ಹಂಚಿಹೋಗಿವೆ. ಎಲ್ಲದರ ರೆಕ್ಕೆಯೂ ಒಂದೇ ವಿಧಾನದಲ್ಲಿ ರಚನೆಯಾಗಿದೆ. ಬಾವಲಿಯಲ್ಲಿ ಕೈಬೆರಳುಗಳು ರೆಕ್ಕೆಯನ್ನು ಹೊತ್ತಿದ್ದರೆ ಇಲ್ಲಿ ಪಕ್ಕೆಲುಬುಗಳೇ ದೇಹದಿಂದಾಚೆಗೆ ಉದ್ದವಾಗಿ ಬೆಳೆದು, ಕೊಡೆಯ ಕಡ್ಡಿಗಳಂತೆ ಚರ್ಮದ ಪೊರೆಯನ್ನು ಹಿಡಿದಿವೆ. ಬೇಡವಾದಾಗ ಅವುಗಳನ್ನು ಹಿಂದಕ್ಕೆ ಮಡಚಿ ಮೈಗೆ ಅಂಟಿಸಿಕೊಂಡರೆ ಓತಿಯು ತೊಗಟೆಯಲ್ಲಿ ತೊಗಟೆಯಾಗಿಬಿಡುತ್ತದೆ.

ಇನ್ನು ಹೆಸರಿನ ವಿಷಯ. ‘ಡ್ರಾಕೊ ವೊಲನ್ಸ್’ ಎಂಬುದು 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಮೊದಲು ಬಂದ ಹೆಸರಾದ್ದರಿಂದ ಮುಂದೆ ಎರಡು ಶತಮಾನಗಳ ಕಾಲ ಮಲಯ ಪರ್ಯಾಯ ದ್ವೀಪದಿಂದ ಫಿಲಿಪ್ಪೀನ್ಸ್‌ವರೆಗೆ ಕಂಡ ಹತ್ತಾರು ಬಗೆಯ ಓತಿಗಳನ್ನು ಅದರ ಅಡಿಯಲ್ಲಿಯೇ ಉಪಪ್ರಭೇದಗಳೆಂದು ಸೇರಿಸುತ್ತ ಹೋದರು. ಈಗ ಆ ಹೆಸರು ಜಾವಾ, ಬಾಲಿಗಳ ಕಡೆಯ ಓತಿಗೆ ಸೀಮಿತವಾಗಿದೆ. ಮಲಯ ಪರ್ಯಾಯ ದ್ವೀಪ, ಸುಮಾತ್ರಾ, ಬೋರ್ನಿಯೋಗಳಲ್ಲಿ ತೋಟ, ಊರಂಚು, ತೆಂಗಿನ ಮರಗಳ ಮೇಲೆ ಸಾಮಾನ್ಯವಾಗಿ ಕಾಣುವುದು ‘ಡ್ರಾಕೊ ಸುಮಾತ್ರಾನಸ್’; ಶ್ಲೇಗಲ್ 1844ರಲ್ಲಿ ವರ್ಣಿಸಿದ ಪ್ರಭೇದ ಇದು. ನಿಮ್ಮ ವರ್ಣನೆಯಲ್ಲಿರುವ ಹಳದಿ ಗಂಟಲ ಪಟ, ತೆಂಗಿನ ಮರ, ಬಿಸಿಲಿನ ತೆರಪು ಜಾಗ, ಮೂರೂ ಅದಕ್ಕೇ ಹೊಂದುತ್ತವೆ. ನಮ್ಮದು ‘ಡ್ರಾಕೊ ಡುಸ್ಸುಮಿಯೇರಿ’. 1837ರಲ್ಲಿ ಡ್ಯುಮೆರಿಲ್ ಮತ್ತು ಬಿಬ್ರೊನ್ ಅದನ್ನು ವರ್ಣಿಸಿದರು. ಭಾರತದ ಕರಾವಳಿಯಿಂದ ಪ್ಯಾರಿಸ್ಸಿಗೆ ಜೀವಿಗಳ ಮಾದರಿಗಳನ್ನು ಒಯ್ದ ಫ್ರೆಂಚ್ ವರ್ತಕ ಡುಸ್ಸುಮಿಯೇಯ ನೆನಪಿಗೆ ಆ ಹೆಸರು ಬಂದಿದೆ.

ಖಚಿತಪಡಿಸಿಕೊಳ್ಳಲು ಸಾಧ್ಯವಾದರೆ ನಾಲ್ಕು ಅಂಶಗಳನ್ನು ನೋಡಿ: ಮೂಗಿನ ಹೊಳ್ಳೆ ಪಕ್ಕಕ್ಕೆ ತೆರೆದಿದೆಯೇ ಅಥವಾ ಮೇಲ್ಮುಖವಾಗಿದೆಯೇ, ಕಿವಿಯ ತಮಟೆ ಬಯಲಾಗಿದೆಯೇ ಅಥವಾ ಹುರುಪೆಗಳಿಂದ ಮುಚ್ಚಿದೆಯೇ, ಗಂಟಲ ಪಟದ ತುದಿ ಚೂಪೇ ದುಂಡೇ, ಮತ್ತು ರೆಕ್ಕೆಯ ಕೆಳಭಾಗದ ಬಣ್ಣ ಯಾವುದು. ಮೇಲ್ಭಾಗದ ಬಣ್ಣವೊಂದನ್ನೇ ನಂಬಬೇಡಿ. ಹಿಡಿಯಲೂ ಬೇಡಿ, ಕೆಳಗಿನಿಂದ ತೆಗೆದ ಒಂದು ಸ್ಪಷ್ಟ ಚಿತ್ರ ಸಾಕು.

ತೋಟದ ಮನೆ, ತೀರ್ಥಹಳ್ಳಿ

ಓತಿಪ್ರಿಯರಿಗೆ ಧನ್ಯವಾದಗಳು. ನನಗೆ ವರ್ಗೀಕರಣ ತಿಳಿಯದು. ಆದರೆ ನಲವತ್ತು ವರ್ಷ ತೋಟದಲ್ಲಿ ಓಡಾಡಿದವನಾಗಿ ಕಣ್ಣಾರೆ ಕಂಡದ್ದೊಂದನ್ನು ಇಲ್ಲಿ ದಾಖಲಿಸಬೇಕೆನಿಸಿತು.

ಹಾರುವ ಓತಿ ನೆಲಕ್ಕಿಳಿಯುವುದೇ ಇಲ್ಲವೆಂದು ನಮ್ಮ ಕಡೆ ಹೇಳುವುದುಂಟು. ಗಂಡಿನ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜವಿರಬಹುದು. ಹೆಣ್ಣು ಮಾತ್ರ ಮೊಟ್ಟೆಯಿಡಲು ಇಳಿಯುತ್ತದೆ. ಒಂದು ವರ್ಷ ಮಳೆ ಹಿಡಿದು ನೆಲ ಮೆತ್ತಗಾದ ಮೇಲೆ ಅಡಿಕೆ ಮರದ ಬುಡದಿಂದ ಎರಡು ಮಾರು ದೂರದಲ್ಲಿ ಒಂದು ಹೆಣ್ಣು ಮೂತಿಯಿಂದಲೇ ಮಣ್ಣನ್ನು ಕುತ್ತಿ ಕುತ್ತಿ ಕುಳಿ ಮಾಡುತ್ತಿತ್ತು. ನಾನು ಹಾಳೆ ಹೆಕ್ಕುವುದನ್ನು ನಿಲ್ಲಿಸಿ ಅಲ್ಲೇ ಕುಳಿತೆ. ನಾಲ್ಕು ಮೊಟ್ಟೆಗಳನ್ನಿಟ್ಟು, ಮಣ್ಣನ್ನು ತಲೆಯಿಂದಲೇ ಎಳೆದು ಮುಚ್ಚಿ, ಗಾರೆಯವನು ಹಲಗೆಯಿಂದ ತಟ್ಟುವಂತೆ ತಲೆಯನ್ನು ಎತ್ತಿ ಎತ್ತಿ ಬಡಿದು ನೆಲವನ್ನು ಸಮ ಮಾಡಿತು. ಮೂತಿಯ ತುಂಬ ಕೆಸರು ಮೆತ್ತಿತ್ತು. ಸಂಜೆ ನೋಡಿದಾಗಲೂ ಅಲ್ಲೇ ಇತ್ತು, ಮರುದಿನ ಬೆಳಗ್ಗೆಯೂ ಇತ್ತು; ಮಧ್ಯಾಹ್ನದ ಹೊತ್ತಿಗೆ ಹೋಗಿತ್ತು. ಆಮೇಲೆ ತಿರುಗಿ ಬಂದದ್ದನ್ನು ನಾನು ಕಾಣಲಿಲ್ಲ. ಆ ಜಾಗಕ್ಕೆ ಗುರುತಿಗೆಂದು ಕೋಲು ನೆಟ್ಟು, ಆ ವರ್ಷ ಅಲ್ಲಿ ಗುದ್ದಲಿ ಹಾಕಲಿಲ್ಲ.

ಒಂದು ಸಂಶಯವನ್ನು ಪರಿಹರಿಸಬೇಕು. ಪಕ್ಕೆಲುಬುಗಳೇ ರೆಕ್ಕೆಯನ್ನು ಹೊತ್ತಿದ್ದರೆ ಹಾರುವಾಗ ಮುಂಗಾಲುಗಳು ಏನು ಮಾಡುತ್ತವೆ? ನನ್ನ ಕಣ್ಣಿಗೆ ಅವು ರೆಕ್ಕೆಯೊಳಗೆ ಸೇರಿಹೋದಂತೆ ಕಾಣುತ್ತವೆ. ಇದು ನನ್ನ ಭ್ರಮೆಯೇ?

ಓತಿಪ್ರಿಯ

ತೋಟದ ಮನೆಯ ಹಿರಿಯರೇ, ಭ್ರಮೆಯಲ್ಲ. ನೀವು ಕಂಡದ್ದು ಸರಿಯಾಗಿದೆ, ಪುಸ್ತಕಗಳಲ್ಲಿದ್ದದ್ದೇ ಅಪೂರ್ಣವಾಗಿತ್ತು. ಮುಂಗಾಲುಗಳು ಗಾಳಿಯಲ್ಲಿ ಸುಮ್ಮನೆ ಮುಂದಕ್ಕೆ ಚಾಚಿಕೊಂಡಿರುತ್ತವೆ ಎಂದೇ ಬಹುಕಾಲ ಚಿತ್ರ ಬರೆಯುತ್ತಿದ್ದರು. 2017ರಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ಡೇಲಿಂಗ್ ನಮ್ಮ ಪಶ್ಚಿಮ ಘಟ್ಟದ ಡುಸ್ಸುಮಿಯೇರಿಯ ಹಾರಾಟದ ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಿಂದ ಈ ತಿಳಿವಳಿಕೆ ಬದಲಾಯಿತು. ಮರದಿಂದ ಜಿಗಿದ ಕೂಡಲೇ ಓತಿಯು ಮುಂಗಾಲುಗಳನ್ನು ಹಿಂದಕ್ಕೆ ತಂದು, ಬಿಚ್ಚಿಕೊಂಡ ಪೊರೆಯ ಮುಂಚೂಣಿಯ ಅಂಚನ್ನು ಉಗುರುಗಳಿಂದ ಹಿಡಿಯುತ್ತದೆ. ಮಣಿಕಟ್ಟನ್ನು ಹೊರಕ್ಕೆ ತಿರುಚುತ್ತದೆ. ಆಗ ತೋಳು ಮತ್ತು ಪೊರೆ ಸೇರಿ ಒಂದೇ ರೆಕ್ಕೆಯಾಗುತ್ತವೆ. ಇಳಿಯುವ ಮರ ಹತ್ತಿರವಾದಾಗ ಹಿಡಿತ ಬಿಟ್ಟು, ಕಾಂಡವನ್ನು ತಬ್ಬಲು ಕೈ ಮುಂದೆ ಚಾಚುತ್ತದೆ.

ಇದೇ ಪ್ರಭೇದದ ಮೇಲೆ ಪ್ರಣವ್ ಖಂಡೇಲ್ವಾಲ್ ಮತ್ತು ಟೈಸನ್ ಹೆಡ್ರಿಕ್ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಹಾರಾಟದ ಆರಂಭದಲ್ಲಿ ತಲೆ ಕೆಳಗಾಗಿ ಬಿದ್ದು ವೇಗ ಗಳಿಸುವುದು, ನಡುವೆ ತೇಲುವುದು, ಕೊನೆಗೆ ಮೈ ಮೇಲಕ್ಕೆತ್ತಿ ವೇಗ ಕಳೆದುಕೊಳ್ಳುವುದು, ಈ ಹಂತಗಳು ಒಂದರೊಳಗೊಂದು ಬೆರೆತಿರುವುದರಿಂದ ಕಾಗದದ ವಿಮಾನದಂತೆ ಒಂದೇ ಸಮ ವೇಗ ಎಂಬುದು ಅಲ್ಲಿ ಇರುವುದೇ ಇಲ್ಲ. ಆಗ್ನೇಯ ಏಷ್ಯಾದಲ್ಲಿ 40 ಪ್ರಭೇದಗಳಿದ್ದರೂ ರೆಕ್ಕೆಯ ಈ ಸೂಕ್ಷ್ಮಗಳು ಮಲೆನಾಡಿನ ಪ್ರಭೇದದಿಂದ ತಿಳಿದುಬಂದವು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ನಿವೃತ್ತ ಭೂಗೋಳ ಶಿಕ್ಷಕ

ಕೂಚಿಂಗ್‌ನ ಮಿತ್ರರ ಎರಡನೆಯ ಪ್ರಶ್ನೆಗೆ ನನ್ನ ಕಾಣಿಕೆ.

ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗದ ತೀವ್ರ ಹಂತದಲ್ಲಿ ಸಮುದ್ರ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಸುಮಾತ್ರಾ, ಜಾವಾ, ಬೋರ್ನಿಯೋಗಳು ಮಲಯ ಪರ್ಯಾಯ ದ್ವೀಪದೊಂದಿಗೆ ಒಂದೇ ನೆಲವಾಗಿದ್ದವು. ಅದನ್ನೇ ಸುಂದಾ ನೆಲವೆಂದು ಕರೆಯುತ್ತಾರೆ. ಬಾಲಿ ಮತ್ತು ಲೊಂಬೊಕ್ ನಡುವಿನ ಜಲಸಂಧಿ ಮಾತ್ರ ಬಹಳ ಆಳವಾದ್ದರಿಂದ ಅದು ಎಂದೂ ಬತ್ತಲಿಲ್ಲ. ಏಷ್ಯಾದ ಪ್ರಾಣಿಗಳನ್ನು ಆಸ್ಟ್ರೇಲಿಯಾ ಕಡೆಯವುಗಳಿಂದ ಬೇರ್ಪಡಿಸುವಂತೆ ಜೀವವಿಜ್ಞಾನಿ ವಾಲೇಸ್ ಗುರುತಿಸಿದ ಗೆರೆ ಹಾದುಹೋಗುವುದು ಅಲ್ಲೇ. ಹಾಗಿದ್ದರೂ ಹಾರುವ ಓತಿಗಳು ಆ ಗೆರೆಯಾಚೆಗೂ, ಅಂದರೆ ಸುಲಾವೇಸಿ, ತಿಮೋರ್‌ವರೆಗಿನ ದ್ವೀಪಗಳಲ್ಲಿಯೂ ಇವೆ. ನ್ಯೂಗಿನಿಯಲ್ಲಿ ಇಲ್ಲ. ಕಡಲನ್ನು ಹಾರಿ ದಾಟಿದವು ಎಂದು ಯಾರೂ ಭಾವಿಸಬಾರದು. ಅವುಗಳ ತೇಲಾಟ ಕೆಲವು ಹತ್ತು ಮೀಟರುಗಳದ್ದು. ಪ್ರವಾಹದಲ್ಲಿ ಕೊಚ್ಚಿಹೋಗುವ ಮರದ ದಿಮ್ಮಿಗಳ ಮೇಲೆ ತೇಲಿ ದಾಟಿರಬೇಕೆಂಬುದೇ ಒಪ್ಪತಕ್ಕ ವಿವರಣೆ.

ಪಶ್ಚಿಮ ಘಟ್ಟಕ್ಕೆ ಬಂದದ್ದರ ಬಗ್ಗೆ ಸುಂದರ್ ಲಾಲ್ ಹೋರಾ 1949ರಲ್ಲಿ ಮಂಡಿಸಿದ ಸಾತ್ಪುರ ಸಿದ್ಧಾಂತವನ್ನು ಓದಿದವರು ಬಲ್ಲರು. ತೊರೆಗಳಲ್ಲಿ ಬಂಡೆಗೆ ಅಂಟಿ ಬದುಕುವ ಮೀನುಗಳನ್ನು ಅಧ್ಯಯನ ಮಾಡಿದ ಅವರು, ಮಲಯದ ಕಡೆಯ ಜೀವಿಗಳು ಪೂರ್ವ ಹಿಮಾಲಯದಿಂದ ವಿಂಧ್ಯ-ಸಾತ್ಪುರ ಬೆಟ್ಟಸಾಲಿನ ಮೂಲಕ ಪಶ್ಚಿಮ ಘಟ್ಟಕ್ಕೆ ಇಳಿದವು ಎಂದರು. ಅಸ್ಸಾಮಿನಲ್ಲಿ ಹಾರುವ ಓತಿ ಇದೆ, ಮಲೆನಾಡಿನಲ್ಲಿ ಇದೆ, ನಡುವಿನ ಸಾವಿರಾರು ಕಿಲೋಮೀಟರ್ ಒಣನೆಲದಲ್ಲಿ ಇಲ್ಲ. ನನ್ನ ಅಭಿಪ್ರಾಯದಲ್ಲಿ ಹೋರಾ ಅವರ ದಾರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬಂಡೆಹಲ್ಲಿ

ಮೇಷ್ಟ್ರೇ, ತಮ್ಮ ಮೇಲಿನ ಗೌರವವನ್ನು ಇಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನಾನು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ.

ಎರಡು ತುದಿಗಳಲ್ಲಿ ಜೀವಿಯೊಂದಿದ್ದು ನಡುವೆ ಇಲ್ಲದಿರುವುದು ಅದು ಸಾತ್ಪುರದ ದಾರಿಯಲ್ಲೇ ಬಂತೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಹಿಂದೆ ಮಳೆಕಾಡು ಭಾರತದ ಪರ್ಯಾಯ ದ್ವೀಪದಲ್ಲಿ ಇಂದಿಗಿಂತ ಬಹಳ ವಿಶಾಲವಾಗಿ ಹಬ್ಬಿತ್ತು. ನೆಲ ಒಣಗುತ್ತ ಬಂದಂತೆ ಕಾಡು ಕುಗ್ಗಿ ಘಟ್ಟದ ಅಂಚಿನಲ್ಲಿ ಉಳಿಯಿತು, ಅದರೊಂದಿಗೆ ಓತಿಯೂ ಉಳಿಯಿತು ಎಂದರೂ ಇದೇ ಹಂಚಿಕೆ ಸಿಗುತ್ತದೆ. ಎರಡು ವಿವರಣೆಗಳಿಗೂ ಒಂದೇ ಭೂಪಟ ಹೊಂದುವಾಗ, ತೀರ್ಮಾನವನ್ನು ವಂಶವೃಕ್ಷ ಮತ್ತು ಕವಲೊಡೆದ ಕಾಲದಿಂದ ಮಾಡಬೇಕೇ ಹೊರತು ಭೂಪಟದಿಂದಲ್ಲ.

ಹೋಲಿಕೆಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಾನು ನೋಡುವ ಹಲ್ಲಿಗಳದ್ದೇ ಉದಾಹರಣೆ ಇದೆ. ಹಗಲಲ್ಲಿ ಬಂಡೆಗಳ ಮೇಲೆ ಓಡಾಡುವ, ದುಂಡು ಕಣ್ಣುಪಾಪೆಯ ಚಿಕ್ಕ ಹಲ್ಲಿಗಳು ಪಶ್ಚಿಮ ಘಟ್ಟದಲ್ಲಿ, ಆಗ್ನೇಯ ಏಷ್ಯಾದಲ್ಲಿ ಮತ್ತು ಆಫ್ರಿಕಾದಲ್ಲಿ ಇವೆ. ನೋಡಲು ಒಂದೇ ರೀತಿ ಇರುವುದರಿಂದ ಮೂರನ್ನೂ ಕ್ನೆಮಾಸ್ಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. ಟೋನಿ ಗ್ಯಾಂಬಲ್ ಮತ್ತು ಸಂಗಡಿಗರು 2012ರಲ್ಲಿ ಹಲ್ಲಿಗಳ ಡಿಎನ್ಎ ಆಧರಿಸಿ ಪ್ರಕಟಿಸಿದ ವಂಶವೃಕ್ಷದಲ್ಲಿ ಈ ಮೂರು ಗುಂಪುಗಳು ಮೂರು ಬೇರೆ ಕವಲುಗಳಲ್ಲಿ ಬಂದವು. ಒಂದೇ ಬಗೆಯ ಬದುಕು ಮೂರು ಕಡೆ ಒಂದೇ ಬಗೆಯ ಮೈಯನ್ನು ರೂಪಿಸಿತ್ತು, ಅಷ್ಟೇ. ಆಫ್ರಿಕಾದವುಗಳಿಗೆ ಆನ್ಸಿಲೊಡ್ಯಾಕ್ಟೈಲಸ್ ಎಂಬ ಹಳೆಯ ಹೆಸರನ್ನು 2022ರಲ್ಲಿ ಮತ್ತೆ ಬಳಕೆಗೆ ತಂದರು. ಕ್ನೆಮಾಸ್ಪಿಸ್ ಕುಲಕ್ಕೆ ಮಾದರಿಯೆನಿಸಿದ ಪ್ರಭೇದ ವಿಯೆಟ್ನಾಮಿನ ಕೋನ್ ದಾವೊ ದ್ವೀಪಗಳದ್ದು. ಆದ್ದರಿಂದ ಕ್ನೆಮಾಸ್ಪಿಸ್ ಎಂಬ ಹೆಸರಿನ ಹಕ್ಕು ನಿಯಮದ ಪ್ರಕಾರ ಆಗ್ನೇಯ ಏಷ್ಯಾದವುಗಳದ್ದೇ ಹೊರತು ನಮ್ಮ ಘಟ್ಟದವುಗಳದ್ದಲ್ಲ.

ನಿವೃತ್ತ ಭೂಗೋಳ ಶಿಕ್ಷಕ

ಒಪ್ಪಿದೆ ಮಗಳೇ. ‘ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ’ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಶ್ರೀಲಂಕಾದ ತೇವದ ಕಾಡುಗಳಲ್ಲಿ ಹಾರುವ ಓತಿ ಏಕಿಲ್ಲ ಎಂಬ ಪ್ರಶ್ನೆಗೂ ಹೋರಾ ಅವರ ದಾರಿಯಿಂದ ಉತ್ತರ ಸಿಗದು ಎಂದು ಈಗ ಅನಿಸುತ್ತಿದೆ.

ಸಾಮಾನ್ಯ ಓದುಗ

ಚರ್ಚೆ ಚೆನ್ನಾಗಿದೆ. ಆದರೆ ಒಂದು ಬೇಸರವನ್ನು ಹೇಳಿಕೊಳ್ಳಬೇಕು. ಹತ್ತು ವರ್ಷಗಳಿಗೊಮ್ಮೆ ಹೆಸರು ಬದಲಾಯಿಸುತ್ತ ಹೋದರೆ ನಮ್ಮಂತಹವರು ಕಲಿಯುವುದಾದರೂ ಹೇಗೆ? ಓತಿ ಓತಿಯೇ ತಾನೆ? ಒಂದನ್ನು ಹತ್ತು ಮಾಡುವುದರಿಂದ ಓತಿಗಾಗಲಿ ಕಾಡಿಗಾಗಲಿ ಆಗುವ ಲಾಭವೇನು?

ಓತಿಪ್ರಿಯ

ನಿಮ್ಮ ಬೇಸರ ನ್ಯಾಯವಾದದ್ದು. ಅದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಈ ಕುಲದ ವರ್ಗೀಕರಣಕ್ಕೆ ಕೈಹಾಕಿದವರಲ್ಲಿ ಒಬ್ಬ ತರುಣ ಜರ್ಮನ್ ವಿದ್ಯಾರ್ಥಿಯಿದ್ದ. ಡ್ರಾಕೊ ಕುಲದ ಸಮಗ್ರ ಪರಿಷ್ಕರಣೆಯನ್ನು 1936ರಲ್ಲಿ ಪ್ರಕಟಿಸಿದಾಗ ಅವನಿಗೆ 23 ವರ್ಷ. ಹೆಸರು ವಿಲ್ಲಿ ಹೆನ್ನಿಗ್. ಮುಂದೆ ಅವರು ನೊಣಗಳ ತಜ್ಞರಾದರು, ಮತ್ತು 1950ರಲ್ಲಿ, ಜೀವಿಗಳನ್ನು ಹೋಲಿಕೆಯ ಮೇಲಲ್ಲ, ಒಂದೇ ಪೂರ್ವಜನಿಂದ ಬಂದ ಹೊಸ ಲಕ್ಷಣಗಳ ಆಧಾರದ ಮೇಲೆ ಗುಂಪು ಮಾಡಬೇಕೆಂಬ ಸಿದ್ಧಾಂತವನ್ನು ಮಂಡಿಸಿದರು. ಇಂದು ಜೀವಿಗಳ ವರ್ಗೀಕರಣ ಬಹುಮಟ್ಟಿಗೆ ನಿಂತಿರುವುದು ಆ ಸಿದ್ಧಾಂತದ ಮೇಲೆ. ದ್ವೀಪದಿಂದ ದ್ವೀಪಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗುವ ಓತಿಗಳನ್ನು ಸಂಗ್ರಹಾಲಯದ ಮೇಜಿನ ಮೇಲೆ ಸಾಲಾಗಿಟ್ಟು ನೋಡಿದ ಅನುಭವ ಅವರ ಚಿಂತನೆಗೆ ನೆರವಾಗಿರದೆ ಇರಲಾರದು ಎಂಬುದು ನನ್ನ ಊಹೆ.

ಆದರೂ ಗೊಂದಲ ತೀರಲಿಲ್ಲ. 1983ರ ಒಂದೇ ವರ್ಷದಲ್ಲಿ ಅಮೆರಿಕದ ರಾಬರ್ಟ್ ಇಂಗರ್ ಮತ್ತು ನೆದರ್ಲೆಂಡ್ಸಿನ ಮಸ್ಟರ್ಸ್ ಇದೇ ಕುಲದ ಮೇಲೆ ಬೇರೆ ಬೇರೆಯಾಗಿ ಕೃತಿಗಳನ್ನು ಪ್ರಕಟಿಸಿದರು. ಆಲ್ಕೊಹಾಲಿನಲ್ಲಿ ಬಣ್ಣಗೆಟ್ಟ ಮಾದರಿಗಳಲ್ಲಿ ಹುರುಪೆ ಎಣಿಸಿ, ಪಕ್ಕೆಲುಬು ಎಣಿಸಿ ತೀರ್ಮಾನಿಸುವುದು ಬಹಳ ಕಷ್ಟ. ಏಕೆಂದರೆ ಗಂಟಲ ಪಟದ ಬಣ್ಣ ಜೀವಂತ ಓತಿಯಲ್ಲಿ ಮಾತ್ರ ಕಾಣುತ್ತದೆ, ಮತ್ತು ಗಂಡು ಹೆಣ್ಣುಗಳು ಪರಸ್ಪರ ಗುರುತಿಸುವುದು ಮುಖ್ಯವಾಗಿ ಅದರಿಂದಲೇ. ಓತಿಗಳಿಗೆ ಗೊತ್ತಿದ್ದ ಭೇದ ಶೀಷೆಯಲ್ಲಿ ಅಳಿಸಿಹೋಗಿತ್ತು.

ಜಿಮ್ಮಿ ಮೆಕ್‌ಗ್ವೈರ್ ಮತ್ತು ಫಿಲಿಪ್ಪೀನ್ಸಿನ ಹಿರಿಯ ವಿಜ್ಞಾನಿ ಆ್ಯಂಜೆಲ್ ಅಲ್ಕಾಲಾ 2000ದಲ್ಲಿ ಫಿಲಿಪ್ಪೀನ್ಸಿನ ಓತಿಗಳನ್ನು ಪರಿಷ್ಕರಿಸಿದಾಗ, ಒಂದೇ ಹೆಸರಿನ ಉಪಪ್ರಭೇದಗಳಾಗಿದ್ದ ಹಲವು ಓತಿಗಳು ತಮ್ಮ ತಮ್ಮ ದ್ವೀಪಸಮೂಹಕ್ಕೆ ಸೀಮಿತವಾದ ಸ್ವತಂತ್ರ ಪ್ರಭೇದಗಳಾದವು; ಪಾಲವಾನ್ ದ್ವೀಪದ್ದನ್ನು ಹೊಸದಾಗಿ ಹೆಸರಿಸಿದರು. ನಿಮ್ಮ ಲಾಭದ ಪ್ರಶ್ನೆಗೆ ಉತ್ತರ ಇಲ್ಲಿದೆ. ‘ವೊಲನ್ಸ್’ ಎಲ್ಲೆಡೆ ಇದೆ ಎಂದು ನಂಬಿದರೆ ಒಂದು ದ್ವೀಪದ ಕಾಡು ಹೋದರೂ ಪಟ್ಟಿಯಲ್ಲಿ ಏನೂ ಕಳೆದುಹೋಗುವುದಿಲ್ಲ. ಆ ದ್ವೀಪದ್ದು ಬೇರೆಲ್ಲೂ ಇಲ್ಲದ ಪ್ರಭೇದವೆಂದು ತಿಳಿದ ಮೇಲೆ ಅದೇ ಕಾಡಿನ ನಷ್ಟ ಒಂದು ವಂಶದ ಕೊನೆಯೆಂದು ಅರಿವಾಗುತ್ತದೆ.

ಎಲ್ಲ ಬದಲಾವಣೆಯೂ ಒಡೆಯುವುದೇ ಅಲ್ಲ, ಕೂಡಿಸುವುದೂ ಉಂಟು. ಮೈಯ ಅಂಚಿನಲ್ಲಿ ಚರ್ಮದ ಜಾಲರಿಯುಳ್ಳ ‘ಪ್ಯಾರಾಶೂಟ್ ಹಲ್ಲಿ’ಗಳಿಗೆ ಟೈಕೊಜೂನ್ ಎಂಬ ಪ್ರತ್ಯೇಕ ಕುಲವಿತ್ತು. ಅವು ಟೊಕೆ ಹಲ್ಲಿಯ ಗೆಕ್ಕೊ ಕುಲದ ಒಳಗಿನ ಕವಲೇ ಎಂದು ಗೊತ್ತಾದದ್ದರಿಂದ 2020ರಲ್ಲಿ ಅವುಗಳನ್ನು ಗೆಕ್ಕೊ ಕುಲಕ್ಕೇ ಸೇರಿಸಿದರು.

ಬಂಡೆಹಲ್ಲಿ

ಓತಿಪ್ರಿಯರು ಹೇಳಿದ್ದಕ್ಕೆ ಪರಿಸರದ ಕಡೆಯಿಂದ ಒಂದು ಮಾತು. ಮಲಯ ಪರ್ಯಾಯ ದ್ವೀಪದ ತಗ್ಗುಕಾಡಿನ ಒಂದೇ ಭಾಗದಲ್ಲಿ ಹಲವು ಪ್ರಭೇದಗಳ ಹಾರುವ ಓತಿಗಳು ಒಟ್ಟಿಗೆ ಬದುಕುತ್ತವೆ. ಎಲ್ಲವೂ ಮುಖ್ಯವಾಗಿ ಇರುವೆ, ಗೆದ್ದಲು ತಿನ್ನುವವೇ. ಕರಿಯ ಗಂಟಲ ಪಟದ ‘ಡ್ರಾಕೊ ಮೆಲನೊಪೋಗೊನ್’ ಎಂಬ ಪ್ರಭೇದ ದಟ್ಟ ಕಾಡಿನ ನೆರಳನ್ನು ಬಿಟ್ಟು ಬರುವುದಿಲ್ಲ. ಸುಮಾತ್ರಾನಸ್ ಬಯಲನ್ನು ಬಯಸುತ್ತದೆ. ಕಾಡನ್ನು ಕಡಿದು ತೋಟ ಮಾಡಿದರೆ ‘ಹಾರುವ ಓತಿ ಇನ್ನೂ ಇದೆಯಲ್ಲ’ ಎಂದು ನೋಡಿದವರಿಗೆ ಅನಿಸಬಹುದು. ಇರುವುದು ಸುಮಾತ್ರಾನಸ್, ಹೋದದ್ದು ಮೆಲನೊಪೋಗೊನ್. ಹೆಸರು ತಿಳಿಯದಿದ್ದರೆ ಈ ನಷ್ಟ ಕಣ್ಣಿಗೇ ಬೀಳದು.

ಗಾತ್ರದ ಭೇದವೂ ಇದೆ. ಮೆಕ್‌ಗ್ವೈರ್ ಮತ್ತು ರಾಬರ್ಟ್ ಡಡ್ಲಿ ಹಲವು ಪ್ರಭೇದಗಳನ್ನು ಕಂಬದಿಂದ ಕಂಬಕ್ಕೆ ಹಾರಿಸಿ ಅಳೆದು 2005ರಲ್ಲಿ ಪ್ರಕಟಿಸಿದರು. ಮೈ ದೊಡ್ಡದಾದಂತೆ ತೂಕ ಏರುವಷ್ಟು ವೇಗವಾಗಿ ರೆಕ್ಕೆಯ ವಿಸ್ತಾರ ಏರುವುದಿಲ್ಲವಾದ್ದರಿಂದ, ಅಷ್ಟೇ ದೂರ ಸಾಗಲು ಮ್ಯಾಕ್ಸಿಮಸ್‌ನಂತಹ ದೊಡ್ಡ ಪ್ರಭೇದವು ಚಿಕ್ಕದಕ್ಕಿಂತ ಹೆಚ್ಚು ಎತ್ತರವನ್ನು ಕಳೆದುಕೊಳ್ಳುತ್ತದೆ. ಅಂತಹವಕ್ಕೆ ಎತ್ತರದ ಮರಗಳೇ ಬೇಕು. ನಮ್ಮ ಧೂಪದ ಮರದ ಕುಟುಂಬಕ್ಕೆ ಸೇರಿದ ಡಿಪ್ಟೆರೊಕಾರ್ಪ್ ಮರಗಳು ಬೋರ್ನಿಯೋ ಕಾಡಿನ ಮೇಲ್ಛಾವಣಿಯನ್ನು ಆಳುತ್ತವೆ. ಅವನ್ನು ಕಡಿದಾಗ ದೊಡ್ಡ ಓತಿಗೆ ಹೋಗುವುದು ಮನೆಯಷ್ಟೇ ಅಲ್ಲ, ದಾರಿಯೂ ಹೋಗುತ್ತದೆ.

ಕೂಚಿಂಗ್‌ನ ಅಣ್ಣನವರಿಗೆ ಒಂದು ವಿನಂತಿ: ನಿಮ್ಮ ಸಮೀಪದಲ್ಲೇ ಬಾಕೋ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಡ್ರಾಕೊ ಕಾರ್ನೂಟಸ್ ಎಂಬ ಪ್ರಭೇದ ಇದೆ. ಡೇನಿಯೆಲ್ ಕ್ಲಾಂಪ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದಂತೆ, ಕಾಂಡ್ಲಾ ಕಾಡಿನ ಈ ಓತಿಗಳ ರೆಕ್ಕೆ ಕೆಂಪು. ಅಲ್ಲಿ ಉದುರುವ ಎಲೆಗಳೂ ಕೆಂಪು. ಅದೇ ಪ್ರಭೇದ ಸಾರವಾಕ್‌ನದೇ ಆದ ನಿಯಾ ಕಡೆಯ ಮಳೆಕಾಡಿನಲ್ಲಿ ಕಂದು ಹಸಿರು ರೆಕ್ಕೆ ಹೊಂದಿದೆ, ಅಲ್ಲಿಯ ಉದುರೆಲೆಗಳೂ ಅದೇ ಬಣ್ಣ. ತೇಲುವ ಓತಿ ಹಕ್ಕಿಯ ಕಣ್ಣಿಗೆ ಉದುರುತ್ತಿರುವ ಎಲೆಯಂತೆ ಕಾಣುವುದು ಇದರ ಪ್ರಯೋಜನವಿರಬೇಕು. ಮೇಲ್ಭಾಗದ ಬಣ್ಣ ನೋಡಿ ಪ್ರಭೇದ ತೀರ್ಮಾನಿಸಬಾರದೆಂದು ಓತಿಪ್ರಿಯರು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಸಾಧ್ಯವಾದರೆ ಹೋಗಿ ನೋಡಿ ಬರೆಯಿರಿ.

ಕೂಚಿಂಗ್ ಕನ್ನಡಿಗ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ಭಾನುವಾರ ದೋಣಿಯಲ್ಲಿ ಬಾಕೋಗೆ ಹೋಗಿದ್ದೆ. ಕಾಂಡ್ಲಾ ಕಾಡಿನ ನಡುವೆ ಹಲಗೆಯ ಕಾಲುದಾರಿಯಿದೆ. ಇಳಿತದ ಸಮಯವಾದ್ದರಿಂದ ಕೆಸರಿನ ಮೇಲೆ ಕೆಂಪೆಲೆಗಳು ಬಿದ್ದಿದ್ದವು. ಎರಡು ಗಂಟೆ ಕಾದೆ. ಮೂರು ಬಾರಿ ಎಲೆ ಬೀಳುವುದನ್ನು ಕಂಡು ಓತಿಯೆಂದು ಕ್ಯಾಮೆರಾ ಎತ್ತಿದೆ. ನಾಲ್ಕನೆಯದನ್ನು ಎಲೆಯೆಂದೇ ಬಿಟ್ಟುಬಿಟ್ಟಿದ್ದೆ; ಅದು ನೀರಿನ ಅಂಚಿಗೆ ಬರುವಷ್ಟರಲ್ಲಿ ತಿರುವು ತೆಗೆದುಕೊಂಡು ಒಂದು ಕಾಂಡಕ್ಕೆ ಅಂಟಿಕೊಂಡು, ರೆಕ್ಕೆ ಮಡಚಿದ ಮರುಕ್ಷಣ ತೊಗಟೆಯಲ್ಲಿ ಕಾಣದಾಯಿತು. ಚಿತ್ರ ಸಿಗಲಿಲ್ಲ. ಬಣ್ಣ ಕೆಂಪು, ಅದರಲ್ಲಿ ಸಂಶಯವಿಲ್ಲ.

ಹಿತ್ತಲಿನದರ ಚಿತ್ರಗಳು ಸಿಕ್ಕಿವೆ. ಕೆಳಗಿನಿಂದ ತೆಗೆದವು ಮೂರು, ಪಕ್ಕದಿಂದ ತೆಗೆದವು ಎರಡು. ಒಂದರಲ್ಲಿ ಮೂಗಿನ ಹೊಳ್ಳೆಯೂ ಕಿವಿಯೂ ಸ್ಪಷ್ಟವಾಗಿವೆ. ಇನ್ನೊಂದರಲ್ಲಿ ತೀರ್ಥಹಳ್ಳಿಯ ಹಿರಿಯರು ಹೇಳಿದಂತೆ ಮುಂಗಾಲುಗಳು ರೆಕ್ಕೆಯ ಅಂಚಿನ ಮೇಲಿವೆ, ದೊಡ್ಡದು ಮಾಡಿ ನೋಡಿದರೆ ಉಗುರುಗಳೂ ಕಾಣುತ್ತವೆ. ಐದನ್ನೂ ಇಂದು ರಾತ್ರಿ ಇಲ್ಲಿ ಹಾಕುತ್ತೇನೆ. ನಿನ್ನೆ ಎರಡನೆಯ ಮರದ ಮೇಲೆ ಇನ್ನೊಂದು ಓತಿ ಇತ್ತು, ಗಂಟಲ ಪಟ ಬಹಳ ಚಿಕ್ಕದು, ಹಳದಿಯಿಲ್ಲ, ಹೆಣ್ಣಿರಬೇಕು. ಆ ಮರದ ಬುಡದಲ್ಲಿ ಮಣ್ಣು ಮೆತ್ತಗಿದೆ. ಹುಲ್ಲು ಕೊಯ್ಯಲು ಬರುವವರಿಗೆ ಈ ತಿಂಗಳು ಅಲ್ಲಿ ಯಂತ್ರ ಓಡಿಸಬೇಡಿ ಎಂದು ಹೇಳಿದ್ದೇನೆ.